ಎಕ್ಸ್‌ರೇ ಓದುವುದು ಯಂತ್ರ, ಹೊಣೆ ಹೊರುವುದು ಯಾರು?

ಎದೆಯ ಎಕ್ಸ್‌ರೇ ತೆಗೆಸಬೇಕು ಅಂದರೆ ಕೊಡಗಿನ ಒಳಭಾಗದವರಿಗೆ ಒಂದು ದಿನದ ಕೆಲಸ ಹೋಯಿತು ಅಂತಲೇ ಲೆಕ್ಕ. ಲೈನ್ ಮನೆಯಿಂದ, ಅಂದರೆ ತೋಟದ ಕೆಲಸದವರ ಸಾಲುಮನೆಯಿಂದ ಹೊರಟು, ಬಸ್ಸು ಹಿಡಿದು, ವಿರಾಜಪೇಟೆಗೋ ಮಡಿಕೇರಿಗೋ ಹೋಗಿ, ಸಾಲಿನಲ್ಲಿ ನಿಂತು ವಾಪಸ್ ಬರುವಷ್ಟರಲ್ಲಿ ಸಂಜೆಯಾಗಿರುತ್ತದೆ. ಆ ದಿನದ ಕೂಲಿಯೂ ಇಲ್ಲ. ಹಾಗಾಗಿ ವಾರಗಟ್ಟಲೆ ಕೆಮ್ಮುತ್ತಿದ್ದರೂ ಎಷ್ಟೋ ಜನ ಹೋಗುವುದೇ ಇಲ್ಲ.

ಈಗ ಎಕ್ಸ್‌ರೇ ಯಂತ್ರವೇ ಜನರ ಹತ್ತಿರ ಬರುವ ಕಾಲ ಬಂದಿದೆ. 2024ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ 100 ದಿನಗಳ ಟಿಬಿ ಅಭಿಯಾನ ಶುರು ಮಾಡಿತು. ಆಗಿನಿಂದ, ಕೈಯಲ್ಲಿ ಹಿಡಿದು ಸಾಗಿಸಬಹುದಾದ ಎಕ್ಸ್‌ರೇ ಯಂತ್ರ ಮತ್ತು ಅದರ ಚಿತ್ರ ಓದುವ ಎಐ ತಂತ್ರಾಂಶ ದೇಶದ ಟಿಬಿ ಪತ್ತೆ ಕೆಲಸದಲ್ಲಿ ಜಾಸ್ತಿ ಬಳಕೆಗೆ ಬಂದಿವೆ. ಚಿತ್ರ ತೆಗೆದ ಕೆಲವೇ ನಿಮಿಷದಲ್ಲಿ ಪರದೆಯ ಮೇಲೆ ಉತ್ತರ ಬರುತ್ತದೆ. ರೇಡಿಯಾಲಜಿಸ್ಟ್, ಅಂದರೆ ಎಕ್ಸ್‌ರೇ ಓದುವ ತಜ್ಞ ವೈದ್ಯರು, ಅಲ್ಲಿರಬೇಕಾಗಿಲ್ಲ.

ಅನುಕೂಲ ದೊಡ್ಡದು, ಅನುಮಾನವೇ ಇಲ್ಲ. ಆದರೆ ಇದರ ಜೊತೆಗೇ ಕೆಲವು ಪ್ರಶ್ನೆಗಳೂ ಬರುತ್ತವೆ. ಯಂತ್ರ ಹೇಳಿದ್ದನ್ನು ಎಷ್ಟು ನಂಬಬಹುದು? ಯಂತ್ರವೇ ಮಾತ್ರೆ ಬರೆದುಕೊಡಬಹುದಾ? ತಪ್ಪಾದರೆ ಯಾರನ್ನು ಕೇಳಬೇಕು? ನಮ್ಮ ಚಿತ್ರ ಎಲ್ಲಿಗೆ ಹೋಗುತ್ತದೆ? ಇವುಗಳಿಗೆ ನಮ್ಮ ದೇಶದ ಕಾನೂನಿನಲ್ಲಿ ಸಾಕಷ್ಟು ಉತ್ತರ ಇದೆ. ಕೆಲವು ಕಡೆ ಖಾಲಿ ಜಾಗವೂ ಇದೆ. ಎರಡನ್ನೂ ನೋಡೋಣ.

ಎಐ ಅಂದರೆ ಇಲ್ಲಿ ಏನು?

ಎಐ, ಅಂದರೆ ಕೃತಕ ಬುದ್ಧಿಮತ್ತೆ. ಆಸ್ಪತ್ರೆಯ ವಿಷಯದಲ್ಲಿ ಮುಖ್ಯವಾಗಿ ಎರಡು ಬಗೆ ಗೊತ್ತಿದ್ದರೆ ಸಾಕು.

ಮೊದಲನೆಯದು ಒಂದೇ ಕೆಲಸಕ್ಕೆ ತಯಾರಾದದ್ದು. ಎಕ್ಸ್‌ರೇಯಲ್ಲಿ ಟಿಬಿಯ ಗುರುತು ಹುಡುಕುವುದು, ಕಣ್ಣಿನ ಒಳಪರದೆಯ ಚಿತ್ರದಲ್ಲಿ ಸಕ್ಕರೆ ಕಾಯಿಲೆಯ ಹಾನಿ ಪತ್ತೆ ಮಾಡುವುದು, ಇಂಥವು. ತಜ್ಞ ವೈದ್ಯರು ಗುರುತು ಹಾಕಿಕೊಟ್ಟ ಸಾವಿರಾರು, ಲಕ್ಷಾಂತರ ಚಿತ್ರಗಳನ್ನು ಇದಕ್ಕೆ ಕೊಟ್ಟು ಕಲಿಸುತ್ತಾರೆ. 2016ರಲ್ಲಿ ಗೂಗಲ್ ಸಂಶೋಧಕರು ಪ್ರಕಟಿಸಿದ ಕಣ್ಣಿನ ಅಧ್ಯಯನ ಇದಕ್ಕೆ ಒಳ್ಳೆಯ ಉದಾಹರಣೆ. ಅದರಲ್ಲಿ ಕಲಿಕೆಗೆ ಬಳಸಿದ್ದು 1,28,175 ಚಿತ್ರ. ಗುರುತು ಹಾಕಿದವರು 54 ವೈದ್ಯರು. ಚಿತ್ರ ಕೊಟ್ಟ ಆಸ್ಪತ್ರೆಗಳಲ್ಲಿ ನಮ್ಮ ಬೆಂಗಳೂರಿನ ನಾರಾಯಣ ನೇತ್ರಾಲಯವೂ ಇತ್ತು.

ಎರಡನೆಯದು ಮಾತಾಡುವ ಎಐ. ಮೊಬೈಲ್‌ನಲ್ಲಿ ಪ್ರಶ್ನೆ ಕೇಳಿದರೆ ಉತ್ತರ ಬರೆಯುವ ಚಾಟ್‌ಜಿಪಿಟಿಯಂಥವು. ಇವು ಆಸ್ಪತ್ರೆಗೆಂದೇ ಆದವಲ್ಲ. ಆದರೆ ಲ್ಯಾಬ್ ರಿಪೋರ್ಟಿನ ಫೋಟೋ ತೆಗೆದು ಇವುಗಳನ್ನು ಕೇಳುವವರು ಈಗ ಎಲ್ಲ ಊರಿನಲ್ಲೂ ಇದ್ದಾರೆ.

ಪರದೆಯ ಮೇಲಿನ ಆ ಅಂಕ

ಟಿಬಿ ಹುಡುಕುವ ತಂತ್ರಾಂಶ 'ಈ ವ್ಯಕ್ತಿಗೆ ಟಿಬಿ ಇದೆ' ಎಂದು ಹೇಳುವುದಿಲ್ಲ. ಅದು ಕೊಡುವುದು ಒಂದು ಅಂಕ. ಉದಾಹರಣೆಗೆ 0ಯಿಂದ 100ರೊಳಗಿನ ಒಂದು ಸಂಖ್ಯೆ. ಅಂಕ ಹೆಚ್ಚಿದ್ದಷ್ಟೂ ಚಿತ್ರದಲ್ಲಿ ಟಿಬಿಯನ್ನು ಹೋಲುವ ಗುರುತು ಹೆಚ್ಚಿದೆ ಅಂತ ಅರ್ಥ.

ಎಷ್ಟು ಅಂಕ ದಾಟಿದರೆ 'ಅನುಮಾನ' ಅನ್ನಬೇಕು? ಅದನ್ನು ತೀರ್ಮಾನಿಸುವುದು ಯಂತ್ರ ಅಲ್ಲ, ಮನುಷ್ಯರು. ಮಿತಿ ಕೆಳಗಿಟ್ಟರೆ ರೋಗ ಇರುವವರು ತಪ್ಪಿಹೋಗುವುದು ಕಡಿಮೆ, ಆದರೆ ರೋಗ ಇಲ್ಲದವರೂ ಜಾಸ್ತಿ ಸಿಕ್ಕಿಬೀಳುತ್ತಾರೆ. ಮೇಲಿಟ್ಟರೆ ಇದರ ತಿರುಗಾಮುರುಗಾ. ಎರಡೂ ಕಡೆ ಒಟ್ಟಿಗೆ ಗೆಲ್ಲುವ ದಾರಿ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಇಂಥ ತಂತ್ರಾಂಶಕ್ಕೆ ಒಪ್ಪಿಗೆ ಕೊಟ್ಟಾಗ, ಮಿತಿಯನ್ನು ಆಯಾ ಊರಿನ ಪರಿಸ್ಥಿತಿ ನೋಡಿ ನಿಗದಿ ಮಾಡಬೇಕು ಅಂದಿದ್ದು ಇದಕ್ಕೇ. ಹಿಂದೆ ಟಿಬಿ ಬಂದು ವಾಸಿಯಾದವರ ಶ್ವಾಸಕೋಶದಲ್ಲಿ ಹಳೆಯ ಕಲೆ ಉಳಿದಿರುತ್ತದೆ. ಅಂಥವರ ವಿಷಯದಲ್ಲಿ ಯಂತ್ರ ಸುಮ್ಮಸುಮ್ನೆ ಅನುಮಾನ ಪಡುವುದು ಹೆಚ್ಚು.

ಒಂದು ಲೆಕ್ಕ ಹಾಕಿ ನೋಡೋಣ. ಸಂಖ್ಯೆಗಳು ಅರ್ಥವಾಗಲಿ ಅಂತ ನಾನೇ ಇಟ್ಟುಕೊಂಡವು. ಶಿಬಿರದಲ್ಲಿ 1,000 ಜನರ ಎಕ್ಸ್‌ರೇ ತೆಗೆದರು ಅನ್ನಿ. ಅವರಲ್ಲಿ ನಿಜವಾಗಿ ಟಿಬಿ ಇರುವವರು 10 ಜನ. ಯಂತ್ರ 10ರಲ್ಲಿ 9 ಜನರನ್ನು ಹಿಡಿಯುತ್ತದೆ. ರೋಗ ಇಲ್ಲದ 990 ಜನರಲ್ಲಿ ನೂರಕ್ಕೆ 10 ಮಂದಿಯನ್ನು ತಪ್ಪಾಗಿ ಅನುಮಾನಿಸುತ್ತದೆ. ಅಂದರೆ 99 ಜನ. ಒಟ್ಟು 'ಅನುಮಾನ' ಎಂದು ಬಂದವರು 108. ಅದರಲ್ಲಿ ನಿಜವಾಗಿ ರೋಗ ಇರುವವರು ಬರೀ 9. ಹನ್ನೆರಡರಲ್ಲಿ ಒಬ್ಬರು! ಇದು ಕೆಟ್ಟ ಯಂತ್ರವೇನಲ್ಲ. ರೋಗ ವಿರಳವಾಗಿರುವ ಕಡೆ ಎಲ್ಲರನ್ನೂ ಪರೀಕ್ಷಿಸಿದರೆ ಯಾವ ಪರೀಕ್ಷೆಯಾದರೂ ಹೀಗೇ ಆಗುತ್ತದೆ.

ಹಾಗಾಗಿ ಎಕ್ಸ್‌ರೇ ಅಂಕದ ನಂತರ ಕಫ ಪರೀಕ್ಷೆ ಆಗಲೇಬೇಕು. ಟ್ರೂನ್ಯಾಟ್, ಸಿಬಿನ್ಯಾಟ್ ಎಂಬ ಹೆಸರು ಕೇಳಿರುತ್ತೀರಿ, ಅವು ಕಫದಲ್ಲಿ ಟಿಬಿ ರೋಗಾಣುವನ್ನೇ ಹುಡುಕುವ ಪರೀಕ್ಷೆಗಳು. ಬರೀ ಎಐ ಅಂಕ ನೋಡಿ 'ನಿಮಗೆ ಟಿಬಿ' ಎಂದು ಯಾರಾದರೂ ಹೇಳಿದರೆ ಅದು ತಪ್ಪು ಕ್ರಮ.

ಇನ್ನೂ ಒಂದು ಮಿತಿ ಇದೆ, ಶಿಬಿರದಲ್ಲಿ ಮರೆತುಹೋಗಬಹುದಾದದ್ದು. ವಿಶ್ವ ಆರೋಗ್ಯ ಸಂಸ್ಥೆಯ ಒಪ್ಪಿಗೆ ಇರುವುದು 15 ವರ್ಷ ಮತ್ತು ಅದಕ್ಕಿಂತ ದೊಡ್ಡವರಿಗೆ. ಅದಕ್ಕಿಂತ ಚಿಕ್ಕ ಮಕ್ಕಳ ಎಕ್ಸ್‌ರೇಯನ್ನು ಯಂತ್ರದ ಓದಿಗೆ ಬಿಡುವ ಹಾಗಿಲ್ಲ, ವೈದ್ಯರೇ ನೋಡಬೇಕು.

ಫಲಿತಾಂಶ ಹೇಳುವ ರೀತಿಯೂ ಮುಖ್ಯ. ಕಾಫಿ ಕಣದಲ್ಲಿ ಶಿಬಿರ ಹಾಕಿ, ಹತ್ತಾರು ಜನ ಸುತ್ತ ನಿಂತಿರುವಾಗ ಒಬ್ಬರ ಹೆಸರು ಕರೆದು 'ನಿಮಗೆ ಅನುಮಾನ ಇದೆ, ಇತ್ತ ಬನ್ನಿ' ಅಂದರೆ ಏನಾಗುತ್ತದೆ? ಆ ಹೊತ್ತಿಗೆ ರೋಗ ಖಚಿತವೇ ಆಗಿಲ್ಲ. ಆದರೆ ಸಂಜೆಯೊಳಗೆ ಲೈನ್‌ನವರಿಗೆಲ್ಲ ಸುದ್ದಿ. ಪಕ್ಕದ ಮನೆಯವರು ತಮ್ಮ ಮಕ್ಕಳನ್ನು ಅವರ ಮನೆಗೆ ಕಳಿಸುವುದಿಲ್ಲ. ನಮ್ಮ ಲೆಕ್ಕದ ಪ್ರಕಾರ ಹೀಗೆ ಹೆಸರು ಕೆಡಿಸಿಕೊಂಡ 108 ಜನರಲ್ಲಿ 99 ಮಂದಿಗೆ ರೋಗವೇ ಇಲ್ಲ. ಎಐ ವೇಗವಾಗಿ ಉತ್ತರ ಕೊಡುವುದರಿಂದಲೇ ಈ ಅಪಾಯ ಬಂದಿದೆ. ಮೊದಲು ರಿಪೋರ್ಟು ವೈದ್ಯರ ಕೋಣೆಯಲ್ಲಿ ಕೈಗೆ ಸಿಗುತ್ತಿತ್ತು, ಈಗ ಎಲ್ಲರೆದುರು ಪರದೆಯ ಮೇಲೆ ಬರುತ್ತದೆ. ಪರದೆ ಮರೆಯಾಗಿರಬೇಕು, ಮಾತು ಪಕ್ಕಕ್ಕೆ ಕರೆದು ಆಡಬೇಕು. ಇದಕ್ಕೆ ಹಣವೇನೂ ಖರ್ಚಾಗುವುದಿಲ್ಲ.

ಕಲಿತದ್ದು ಒಂದು ಕಡೆ, ಕೆಲಸ ಇನ್ನೊಂದು ಕಡೆ

ಅರೇಬಿಕಾ ತೋಟದಲ್ಲಿ ಮಾತ್ರ ಹಣ್ಣು ಕುಯ್ದು ಗೊತ್ತಿರುವವರನ್ನು ಒಮ್ಮೆಲೇ ರೋಬಸ್ಟಾ ತೋಟಕ್ಕೆ ಕರೆದುಕೊಂಡು ಹೋಗಿ ಬಿಟ್ಟರೆ ಮೊದಲ ದಿನ ಕೈ ತಡವರಿಸುತ್ತದೆ. ಹಣ್ಣಿನ ಗಾತ್ರ ಬೇರೆ, ಗೊಂಚಲು ಬೇರೆ, ಹಣ್ಣಾಗುವ ಕಾಲ ಬೇರೆ. ಮನುಷ್ಯರಾದರೆ ಒಂದೆರಡು ದಿನ ನೋಡಿ ಹೊಂದಿಕೊಳ್ಳುತ್ತಾರೆ. ಎಐ ಹಾಗೆ ತಾನಾಗಿ ಹೊಂದಿಕೊಳ್ಳುವುದಿಲ್ಲ. ಯಾರ ಚಿತ್ರ ನೋಡಿ ಕಲಿತಿತೋ ಅವರಂಥವರ ಮೇಲೆ ಚೆನ್ನಾಗಿ ಕೆಲಸ ಮಾಡುತ್ತದೆ. ಬೇರೆಯವರ ಮೇಲೆ ಎಡವುತ್ತದೆ, ಎಡವಿದ್ದೂ ಅದಕ್ಕೆ ಗೊತ್ತಾಗುವುದಿಲ್ಲ.

ಇದಕ್ಕೆ ದಾಖಲಾದ ಉದಾಹರಣೆಗಳಿವೆ. ಅಮೆರಿಕದಲ್ಲಿ ಯಾವ ರೋಗಿಗೆ ಹೆಚ್ಚಿನ ಆರೈಕೆ ಬೇಕು ಎಂದು ಆರಿಸುವ ಒಂದು ತಂತ್ರಾಂಶವನ್ನು ಸಂಶೋಧಕರು ಪರಿಶೀಲಿಸಿ 2019ರಲ್ಲಿ ವರದಿ ಪ್ರಕಟಿಸಿದರು. ರೋಗ ಎಷ್ಟು ಜೋರಾಗಿದೆ ಎಂಬುದಕ್ಕೆ ಅಳತೆಯಾಗಿ ಆ ತಂತ್ರಾಂಶ ಬಳಸುತ್ತಿದ್ದದ್ದು ಚಿಕಿತ್ಸೆಗೆ ಖರ್ಚಾದ ಹಣವನ್ನು. ಕಪ್ಪು ಜನಾಂಗದವರಿಗೆ ಚಿಕಿತ್ಸೆ ಸಿಗುವುದೇ ಕಡಿಮೆ ಆಗಿದ್ದರಿಂದ ಅವರ ಮೇಲೆ ಖರ್ಚೂ ಕಡಿಮೆ ಆಗಿತ್ತು. ಯಂತ್ರ ಅದನ್ನು 'ಇವರು ಆರೋಗ್ಯವಾಗಿದ್ದಾರೆ' ಎಂದು ಓದಿತು. ಲೆಕ್ಕ ಸರಿಪಡಿಸಿದರೆ ಹೆಚ್ಚಿನ ಆರೈಕೆಗೆ ಆಯ್ಕೆಯಾಗುವ ಕಪ್ಪು ಜನರ ಪಾಲು ಶೇ 17.7ರಿಂದ ಶೇ 46.5ಕ್ಕೆ ಏರುತ್ತಿತ್ತು. ಈ ತಂತ್ರಾಂಶಕ್ಕೆ ಜನಾಂಗದ ವಿವರ ಕೊಟ್ಟೇ ಇರಲಿಲ್ಲ ಅನ್ನುವುದನ್ನು ಗಮನಿಸಿ. ಯಾರೂ ಬೇಕೆಂದು ಭೇದ ಮಾಡಲಿಲ್ಲ, ಭೇದ ಆಯಿತು.

ಇದನ್ನು ನಮ್ಮ ಜಿಲ್ಲೆಗೆ ತಂದು ನೋಡಿ. ನಾಗರಹೊಳೆ ಅಂಚಿನ ಹಾಡಿಗಳ (ಬುಡಕಟ್ಟು ಜನರ ಪುಟ್ಟ ಊರುಗಳ) ಜೇನುಕುರುಬರು, ಯರವರು ಆಸ್ಪತ್ರೆಗೆ ಬರುವುದೇ ಕಡಿಮೆ. ಬಂದರೂ ದಾಖಲೆ ಉಳಿಯುವುದು ಇನ್ನೂ ಕಡಿಮೆ. ದಾಖಲೆ ಇಲ್ಲದವರು ಯಂತ್ರದ ಕಣ್ಣಿಗೆ ಬೀಳುವುದಿಲ್ಲ. 'ಈ ಹಾಡಿಯಲ್ಲಿ ರೋಗಿಗಳೇ ಇಲ್ಲ' ಎಂದು ಅದು ಹೇಳಿದರೆ, ಹಾಡಿಗೆ ಆರೋಗ್ಯ ಸಿಬ್ಬಂದಿ ಹೋಗಿಲ್ಲ ಎಂಬುದೇ ಅದರ ಅರ್ಥ ಆಗಿರಬಹುದು.

ಜಾಗದ ತೊಂದರೆ ಬೇರೆ. ಗೂಗಲ್‌ನ ಕಣ್ಣಿನ ತಂತ್ರಾಂಶವನ್ನು ಥಾಯ್ಲೆಂಡ್‌ನ 11 ಕ್ಲಿನಿಕ್‌ಗಳಲ್ಲಿ ಬಳಸಿ ನೋಡಿದಾಗ, ತೆಗೆದ 1,838 ಚಿತ್ರಗಳಲ್ಲಿ ಶೇ 21ರಷ್ಟನ್ನು ಯಂತ್ರ 'ಸ್ಪಷ್ಟವಾಗಿಲ್ಲ' ಎಂದು ತಳ್ಳಿಹಾಕಿತು. ಕೋಣೆಯಲ್ಲಿ ಬೆಳಕು ಸರಿ ಇರಲಿಲ್ಲ. ಇಂಟರ್ನೆಟ್ ನಿಧಾನವಿದ್ದ ಕಡೆ ಸಾಲು ಮುಂದೆ ಹೋಗಲೇ ಇಲ್ಲ. ಪ್ರಯೋಗಾಲಯದಲ್ಲಿ ಅದ್ಭುತವಾಗಿ ಕೆಲಸ ಮಾಡಿದ ಅದೇ ತಂತ್ರಾಂಶ! ಆಟಿ ತಿಂಗಳ ಮಳೆಯಲ್ಲಿ ಭಾಗಮಂಡಲ, ನಾಪೋಕ್ಲು ಕಡೆ ಕರೆಂಟೂ ನೆಟ್‌ವರ್ಕೂ ಹೇಗಿರುತ್ತವೆ ಎಂದು ಇಲ್ಲಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಕಾನೂನು ಗೆರೆ ಎಳೆದಿರುವುದು ಎಲ್ಲಿ?

ಎಐಗೆಂದೇ ಒಂದು ಪ್ರತ್ಯೇಕ ಕಾಯ್ದೆ ಭಾರತದಲ್ಲಿಲ್ಲ. ಯುರೋಪಿನ ಒಕ್ಕೂಟದಲ್ಲಿ ಇದೆ, 2024ರ ಆಗಸ್ಟ್ 1ರಿಂದ ಜಾರಿಗೆ ಬಂದು ಹಂತಹಂತವಾಗಿ ಅನ್ವಯ ಆಗುತ್ತಿದೆ. ನಮ್ಮಲ್ಲಿ ಹಳೆಯ ಕಾನೂನುಗಳೇ ಎಐಗೂ ಅನ್ವಯ ಆಗುತ್ತವೆ. ಅವು ಬೇರೆ ಬೇರೆ ಕಡೆ ಚದುರಿಕೊಂಡಿವೆ, ಆದರೆ ಒಂದು ಮಾತು ಸ್ಪಷ್ಟವಾಗಿ ಹೇಳುತ್ತವೆ: ಚಿಕಿತ್ಸೆ ಕೊಡುವುದು ನೋಂದಾಯಿತ ವೈದ್ಯರ ಕೆಲಸ.

2019ರ ರಾಷ್ಟ್ರೀಯ ವೈದ್ಯಕೀಯ ಆಯೋಗ ಕಾಯ್ದೆಯ 34ನೇ ಸೆಕ್ಷನ್ ಪ್ರಕಾರ ನೋಂದಣಿ ಇಲ್ಲದವರು ವೈದ್ಯಕೀಯ ವೃತ್ತಿ ಮಾಡುವಂತಿಲ್ಲ. ಮಾಡಿದರೆ ಒಂದು ವರ್ಷದವರೆಗೆ ಜೈಲು, ಇಲ್ಲವೇ 5 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ತಂತ್ರಾಂಶಕ್ಕೆ ನೋಂದಣಿ ಸಂಖ್ಯೆ ಇರಲು ಸಾಧ್ಯವಿಲ್ಲ.

ಇನ್ನೂ ನೇರವಾದ ಮಾತು ಇರುವುದು ಟೆಲಿಮೆಡಿಸಿನ್, ಅಂದರೆ ಫೋನು, ವಿಡಿಯೋ ಮೂಲಕ ದೂರದಿಂದಲೇ ಚಿಕಿತ್ಸೆ ಕೊಡುವ ಕ್ರಮದ ಮಾರ್ಗಸೂಚಿಯಲ್ಲಿ. 2020ರ ಮಾರ್ಚ್‌ನಲ್ಲಿ, ಕೋವಿಡ್ ಲಾಕ್‌ಡೌನ್ ಶುರುವಾದ ಹೊತ್ತಿಗೆ ಬಂದದ್ದು. ಎಐ ಆಧರಿಸಿದ ವೇದಿಕೆಗಳು ರೋಗಿಗೆ ಸಲಹೆ ಕೊಡುವಂತಿಲ್ಲ, ಔಷಧ ಬರೆಯುವಂತಿಲ್ಲ ಎಂದು ಅದು ಸ್ಪಷ್ಟವಾಗಿ ಹೇಳುತ್ತದೆ. ಎಐ ವೈದ್ಯರಿಗೆ ನೆರವಾಗಬಹುದು. ಆದರೆ ಕೊನೆಯ ಸಲಹೆಯನ್ನೂ ಔಷಧ ಚೀಟಿಯನ್ನೂ ವೈದ್ಯರೇ ನೇರವಾಗಿ ರೋಗಿಗೆ ಕೊಡಬೇಕು. ಮಡಿಕೇರಿಯಿಂದ ಮೈಸೂರಿಗೆ ಸುಮಾರು 120 ಕಿಲೋಮೀಟರ್ ದೂರ, ರೈಲೂ ಇಲ್ಲ. ತಜ್ಞರನ್ನು ಫೋನಿನಲ್ಲೋ ವಿಡಿಯೋದಲ್ಲೋ ಕಾಣುವುದು ಇಲ್ಲಿ ದೊಡ್ಡ ಅನುಕೂಲ. ಹಾಗೆ ಕಾಣುವಾಗ ಪರದೆಯ ಆ ಬದಿಯಲ್ಲಿ ಮನುಷ್ಯ ವೈದ್ಯರು ಇರಲೇಬೇಕು ಅನ್ನುವುದು ಈ ನಿಯಮ.

ಇನ್ನು ತಂತ್ರಾಂಶದ ಕಡೆ ಬರೋಣ. 2020ರ ಏಪ್ರಿಲ್ 1ರಿಂದ ರೋಗ ಪತ್ತೆ, ಚಿಕಿತ್ಸೆ ಮುಂತಾದ ವೈದ್ಯಕೀಯ ಕೆಲಸಕ್ಕೆ ಬಳಸುವ ತಂತ್ರಾಂಶವೂ ವೈದ್ಯಕೀಯ ಸಾಧನ ಎಂದೇ ಲೆಕ್ಕ. ಅಂದರೆ ಅದು 1940ರ ಔಷಧ ಮತ್ತು ಕಾಂತಿವರ್ಧಕಗಳ ಕಾಯ್ದೆ ಹಾಗೂ 2017ರ ವೈದ್ಯಕೀಯ ಸಾಧನಗಳ ನಿಯಮಗಳ ಅಡಿ ಬರುತ್ತದೆ. ಅಪಾಯಕ್ಕೆ ತಕ್ಕಂತೆ ಎ, ಬಿ, ಸಿ, ಡಿ ಎಂದು ನಾಲ್ಕು ವರ್ಗ. ಎ ಕಡಿಮೆ ಅಪಾಯದ್ದು, ಡಿ ಹೆಚ್ಚಿನದು. 2023ರ ಅಕ್ಟೋಬರ್‌ನಿಂದ ಸಿ ಮತ್ತು ಡಿ ವರ್ಗಕ್ಕೂ ಪರವಾನಗಿ ಕಡ್ಡಾಯ ಆಗಿದೆ. ಆಸ್ಪತ್ರೆಯಲ್ಲಿ ಬಳಸುವ ರೋಗಪತ್ತೆ ತಂತ್ರಾಂಶಕ್ಕೆ ಪರವಾನಗಿ ಇದೆಯಾ ಎಂದು ಕೇಳುವುದು ಅಧಿಕಪ್ರಸಂಗ ಅಲ್ಲ. ಮಾತ್ರೆಯ ಪೊಟ್ಟಣದಲ್ಲಿ ಲೈಸೆನ್ಸ್ ಸಂಖ್ಯೆ ಇರುವುದು ಎಷ್ಟು ಸಹಜವೋ ಇದೂ ಅಷ್ಟೇ ಸಹಜ.

ಇವೆರಡರ ಜೊತೆ ನೀತಿಯ ಮಾರ್ಗಸೂಚಿ ಒಂದಿದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಅಂದರೆ ಐಸಿಎಂಆರ್, 2023ರಲ್ಲಿ ಆರೋಗ್ಯ ಕ್ಷೇತ್ರದ ಎಐಗಾಗಿ 10 ತತ್ವಗಳನ್ನು ಪ್ರಕಟಿಸಿತು. ಹೊಣೆಗಾರಿಕೆ, ರೋಗಿಯ ಸ್ವಾತಂತ್ರ್ಯ, ಖಾಸಗಿತನ, ಸುರಕ್ಷತೆ, ಭೇದ ಇಲ್ಲದಿರುವುದು ಅದರಲ್ಲಿ ಮುಖ್ಯವಾದವು. ಚಿಕಿತ್ಸೆಯ ತೀರ್ಮಾನ ಮನುಷ್ಯರ ಹಿಡಿತದಲ್ಲೇ ಇರಬೇಕು ಎನ್ನುವುದು ಅದರ ತಿರುಳು. ಒಂದು ವ್ಯತ್ಯಾಸ ನೆನಪಿಡಿ. ಕಾನೂನು ಮುರಿದರೆ ಶಿಕ್ಷೆ ಇದೆ. ಐಸಿಎಂಆರ್‌ನ ಇಂಥ ಮಾರ್ಗಸೂಚಿ ಮೀರಿದರೆ ನೇರ ಶಿಕ್ಷೆ ಇಲ್ಲ. ಆದರೆ ನ್ಯಾಯಾಲಯದಲ್ಲಿ 'ಹೀಗೆ ನಡೆಯಬೇಕಿತ್ತು' ಎಂದು ತೋರಿಸಲು ಅದು ನೆರವಾಗುತ್ತದೆ.

ವೈದ್ಯರು ನೋಡಿದ್ದಾರೆ ಅಂದರೆ ಸಾಕಾ?

ನಿಯಮವೇನೋ ಚೆನ್ನಾಗಿದೆ: ಕೊನೆಯ ಮಾತು ವೈದ್ಯರದ್ದು. ಆದರೆ ಯಂತ್ರ ಮೊದಲೇ ಉತ್ತರ ಹೇಳಿಬಿಟ್ಟರೆ ವೈದ್ಯರ ಕಣ್ಣೂ ಅತ್ತಲೇ ವಾಲುತ್ತದೆ. ಜರ್ಮನಿಯಲ್ಲಿ 27 ರೇಡಿಯಾಲಜಿಸ್ಟರ ಮೇಲೆ ನಡೆದ ಒಂದು ಅಧ್ಯಯನ 2023ರಲ್ಲಿ ಪ್ರಕಟವಾಯಿತು. ಸ್ತನದ ಎಕ್ಸ್‌ರೇ ಓದಲು ಕೊಟ್ಟು, ಜೊತೆಗೆ ಎಐನ ಸಲಹೆ ಅಂತ ಹೇಳಿ ಕೆಲವು ಕಡೆ ಬೇಕೆಂದೇ ತಪ್ಪು ಉತ್ತರ ತೋರಿಸಿದರು. ಸಲಹೆ ಸರಿ ಇದ್ದಾಗ, ಅನುಭವ ಕಡಿಮೆ ಇದ್ದ ವೈದ್ಯರು ಸುಮಾರು ಶೇ 80ರಷ್ಟು ಸರಿಯಾಗಿ ಓದಿದರು. ಸಲಹೆ ತಪ್ಪಿದ್ದಾಗ ಅದು ಸುಮಾರು ಶೇ 20ಕ್ಕೆ ಕುಸಿಯಿತು. ತುಂಬಾ ಅನುಭವ ಇದ್ದವರದ್ದೂ ಶೇ 82ರಿಂದ ಶೇ 46ರ ಆಸುಪಾಸಿಗೆ ಇಳಿಯಿತು.

ವೈದ್ಯರು ಸೋಮಾರಿಗಳು ಅಂತ ಇದರ ಅರ್ಥ ಅಲ್ಲ. ಒಂದು ದಿನಕ್ಕೆ ನೂರಾರು ಚಿತ್ರ ನೋಡಬೇಕಾದವರು ಯಾರಾದರೂ ಹೀಗೆ ಮಾಡಬಹುದು. ಹಾಗಾಗಿ ವೈದ್ಯರು ಮೊದಲು ತಾವೇ ಚಿತ್ರ ಓದಿ, ಆಮೇಲೆ ಯಂತ್ರದ ಉತ್ತರ ನೋಡುವ ಕ್ರಮ ಒಳ್ಳೆಯದು ಎಂದು ನನಗನ್ನಿಸುತ್ತದೆ. ಸಹಿ ಇದೆ ಅನ್ನುವುದೊಂದೇ ಸಾಲದು, ಆ ಸಹಿ ಹಾಕುವ ಮುಂಚೆ ನೋಡಲು ಅವರಿಗೆ ಸಮಯ ಸಿಕ್ಕಿರಬೇಕು.

ತಪ್ಪಾದರೆ ಯಾರ ಹೊಣೆ?

ಯಂತ್ರದ ಮೇಲೆ ಕೇಸು ಹಾಕಲು ಆಗುವುದಿಲ್ಲ. ಹೊಣೆ ವೈದ್ಯರು, ಆಸ್ಪತ್ರೆ, ತಂತ್ರಾಂಶ ತಯಾರಿಸಿದವರು, ಈ ಮೂವರಲ್ಲಿ ಯಾರ ಮೇಲಾದರೂ ಬರಬಹುದು. ಯಾರ ಪಾಲು ಎಷ್ಟು ಎಂದು ಎಐಗಾಗಿಯೇ ಬರೆದ ಕಾನೂನು ಇಲ್ಲ. ಹಾಗಾಗಿ ಹಳೆಯ ತೀರ್ಪುಗಳೇ ಆಧಾರ.

ವೈದ್ಯರ ನಿರ್ಲಕ್ಷ್ಯವನ್ನು ಅಳೆಯುವುದು ಹೇಗೆ ಎಂದು ಸುಪ್ರೀಂ ಕೋರ್ಟ್ 2005ರಲ್ಲಿ ಜೇಕಬ್ ಮ್ಯಾಥ್ಯೂ ಪ್ರಕರಣದಲ್ಲಿ ಹೇಳಿದೆ. ಅದೇ ವೃತ್ತಿಯಲ್ಲಿರುವ ಒಬ್ಬ ಸಾಧಾರಣ ನುರಿತ ವೈದ್ಯ ಆ ಸಂದರ್ಭದಲ್ಲಿ ತೋರುವಷ್ಟು ಎಚ್ಚರ ತೋರಿದ್ದರಾ ಅನ್ನುವುದೇ ಅಳತೆ. ಎಲ್ಲರಿಗಿಂತ ಬುದ್ಧಿವಂತರಾಗಿರಬೇಕು ಅಂತಿಲ್ಲ. ಈ ಅಳತೆ ಹಿಡಿದು ನೋಡಿದರೆ, 'ಯಂತ್ರ ಹಾಗೆ ಹೇಳಿತು' ಎನ್ನುವುದೊಂದೇ ವೈದ್ಯರಿಗೆ ರಕ್ಷಣೆ ಆಗಲಾರದು. ಎದುರಿಗೆ ಕೂತ ರೋಗಿ ರಕ್ತ ಕೆಮ್ಮುತ್ತಿದ್ದು, ಯಂತ್ರ 'ಏನೂ ಇಲ್ಲ' ಅಂದರೆ, ಸಾಧಾರಣ ಎಚ್ಚರದ ವೈದ್ಯರು ಏನು ಮಾಡುತ್ತಾರೆ? ಕಫ ಪರೀಕ್ಷೆಗೆ ಕಳಿಸಿಯೇ ಕಳಿಸುತ್ತಾರೆ.

ಪರಿಹಾರ ಕೇಳುವ ಜಾಗ ಯಾವುದು? ವೈದ್ಯಕೀಯ ಸೇವೆ ಗ್ರಾಹಕ ಕಾನೂನಿನ ಅಡಿ ಬರುತ್ತದೆ ಎಂದು 1995ರಲ್ಲಿ ವಿ.ಪಿ. ಶಾಂತಾ ಪ್ರಕರಣದಲ್ಲಿ ತೀರ್ಮಾನವಾಗಿದೆ. ಆದರೆ ಅದೇ ತೀರ್ಪಿನಲ್ಲಿ ಒಂದು ಮಿತಿ ಇದೆ, ಬಡವರು ತಿಳಿದುಕೊಳ್ಳಬೇಕಾದ ಮಿತಿ. ಎಲ್ಲರಿಗೂ ಪೂರ್ತಿ ಉಚಿತವಾಗಿ ಸೇವೆ ಕೊಡುವ ಆಸ್ಪತ್ರೆಯ ವಿರುದ್ಧ ಗ್ರಾಹಕ ಆಯೋಗಕ್ಕೆ ಹೋಗಲು ಬರುವುದಿಲ್ಲ. ಉಚಿತ ಶಿಬಿರಕ್ಕೂ ಇದೇ ತೊಡಕು. ಅಂಥ ಕಡೆ ಸಿವಿಲ್ ನ್ಯಾಯಾಲಯ ಅಥವಾ ಹೈಕೋರ್ಟಿನ ದಾರಿ ಇದೆ, ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಉಚಿತ ವಕೀಲರ ನೆರವೂ ಸಿಗುತ್ತದೆ. ಹಣ ಪಡೆಯುವ ಆಸ್ಪತ್ರೆಯಾದರೆ ಗ್ರಾಹಕ ಆಯೋಗದ ದಾರಿ ತೆರೆದಿದೆ. ಸಾಧನದಲ್ಲೇ ದೋಷ ಇದ್ದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ತಯಾರಕರ ಹೊಣೆಗೂ ಒಂದು ಅಧ್ಯಾಯವಿದೆ.

ನಮ್ಮ ವಿವರ ಯಾರ ಕೈಯಲ್ಲಿ?

ಖಾಸಗಿತನ ನಮ್ಮ ಮೂಲಭೂತ ಹಕ್ಕು ಎಂದು 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟ್ ಹೇಳಿತು. ಆ ಮೊಕದ್ದಮೆ ಹೂಡಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಅದರ ಬೆನ್ನಿಗೆ ನಡೆದ ಚರ್ಚೆಗಳ ಫಲವಾಗಿ 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂತು. ಅದರ ನಿಯಮಗಳು ಹೊರಬಿದ್ದದ್ದು 2025ರ ನವೆಂಬರ್‌ನಲ್ಲಿ. ಸಂಸ್ಥೆಗಳ ಮೇಲಿನ ಮುಖ್ಯ ಕಟ್ಟುಪಾಡುಗಳಿಗೆ 18 ತಿಂಗಳ ಕಾಲಾವಕಾಶ ಕೊಟ್ಟಿದ್ದಾರೆ, ಅಂದರೆ 2027ರ ಮೇ ಹೊತ್ತಿಗೆ ಪೂರ್ತಿ ಜಾರಿ.

ಕಾಯ್ದೆಯ ಮೂಲ ಮಾತು ಇದು: ಯಾವ ಉದ್ದೇಶಕ್ಕೆ ಒಪ್ಪಿಗೆ ಕೊಟ್ಟಿರೋ ಅದಕ್ಕೆ ಮಾತ್ರ ವಿವರ ಬಳಸಬೇಕು. ಎಕ್ಸ್‌ರೇಗೆ ಹೂಂ ಅಂದಿದ್ದು ನಮ್ಮ ಶ್ವಾಸಕೋಶ ನೋಡಲಿ ಎಂದು. ಅದೇ ಚಿತ್ರ ಹೆಸರು, ವಿಳಾಸದ ಸಮೇತ ಒಂದು ಕಂಪನಿಯ ಮುಂದಿನ ತಂತ್ರಾಂಶಕ್ಕೆ ಪಾಠವಾಗುವುದು ಬೇರೆ ವಿಷಯ. ಕೊಟ್ಟ ಒಪ್ಪಿಗೆಯನ್ನು ವಾಪಸ್ ಪಡೆಯುವ ಹಕ್ಕೂ ಇದೆ. ಕಾಯ್ದೆ ಮುರಿದವರಿಗೆ 250 ಕೋಟಿ ರೂಪಾಯಿವರೆಗೆ ದಂಡ. ಆದರೆ ಆ ದಂಡದ ಹಣ ಹೋಗುವುದು ಸರ್ಕಾರದ ಸಂಚಿತ ನಿಧಿಗೆ. ನೊಂದ ರೋಗಿಗೆ ಈ ಕಾಯ್ದೆಯಡಿ ಒಂದು ರೂಪಾಯಿಯೂ ಸಿಗುವುದಿಲ್ಲ. ಇದು ಸರಿಯಲ್ಲ ಎಂದೇ ನನ್ನ ಅಭಿಪ್ರಾಯ.

ಕೆಲವು ವಿನಾಯಿತಿಗಳಿವೆ. ಜೀವಕ್ಕೆ ಅಪಾಯ ಇದ್ದಾಗ, ಸಾಂಕ್ರಾಮಿಕ ರೋಗ ಹರಡಿದಾಗ, ವಿಪತ್ತಿನ ಸಮಯದಲ್ಲಿ ಒಪ್ಪಿಗೆಗೆ ಕಾಯಬೇಕಿಲ್ಲ. 2018ರ ಭೂಕುಸಿತದ ದಿನಗಳನ್ನು ಕಂಡ ಜಿಲ್ಲೆಗೆ ಇದು ಯಾಕೆ ಬೇಕು ಎಂದು ಗೊತ್ತು. ಟಿಬಿಯ ವಿಷಯದಲ್ಲಿ ಇನ್ನೊಂದು ನಿಯಮ. 2012ರಿಂದ ಟಿಬಿ ಕಡ್ಡಾಯವಾಗಿ ಸರ್ಕಾರಕ್ಕೆ ವರದಿ ಮಾಡಬೇಕಾದ ರೋಗ. ರೋಗ ಖಚಿತವಾದರೆ ಆ ವಿವರ ಇಲಾಖೆಗೆ ಹೋಗುತ್ತದೆ, ಖಾಸಗಿ ಆಸ್ಪತ್ರೆಯಾದರೂ ಅಷ್ಟೇ. ಆದರೆ ಇಲಾಖೆಗೆ ತಿಳಿಸುವುದು ಬೇರೆ, ತೋಟದ ರೈಟರ್‌ಗೋ (ಕೆಲಸದವರ ಲೆಕ್ಕ ನೋಡಿಕೊಳ್ಳುವವರಿಗೋ) ಮಾಲೀಕರಿಗೋ ಪಟ್ಟಿ ಕೊಡುವುದು ಬೇರೆ. ಎರಡನೆಯದಕ್ಕೆ ಈ ನಿಯಮದ ಬಲ ಇಲ್ಲ.

ಹೆಸರು ತೆಗೆದುಹಾಕಿ ಸಂಶೋಧನೆಗೆ ಬಳಸುತ್ತೇವೆ ಎನ್ನುವ ಮಾತು ಆಗಾಗ ಕೇಳುತ್ತೀರಿ. ಬೆಂಗಳೂರಿನಲ್ಲಿ ಅದು ಸಾಕಾಗಬಹುದು. ಇಪ್ಪತ್ತು, ಮೂವತ್ತು ಮನೆಯ ಹಾಡಿಯಲ್ಲಿ ಸಾಕಾಗುವುದಿಲ್ಲ. 'ತಿತಿಮತಿ ಕಡೆಯ ಹಾಡಿ, ಯರವ ಸಮುದಾಯ, ಹೆಣ್ಣು, ವಯಸ್ಸು 34' ಎಂದು ಬರೆದರೆ ಊರಿನವರಿಗೆ ಹೆಸರು ಬೇಕಾ? ಸಿಕಲ್ ಸೆಲ್ ರಕ್ತಹೀನತೆಯ ವಿಷಯದಲ್ಲಂತೂ ಇದು ಇನ್ನೂ ಸೂಕ್ಷ್ಮ. 2047ರ ಹೊತ್ತಿಗೆ ಈ ರೋಗ ಇಲ್ಲವಾಗಿಸಬೇಕು ಎಂದು 2023ರ ಜುಲೈ 1ರಂದು ಶುರುವಾದ ರಾಷ್ಟ್ರೀಯ ಅಭಿಯಾನ 40 ವರ್ಷದೊಳಗಿನ 7 ಕೋಟಿ ಜನರ ರಕ್ತ ಪರೀಕ್ಷೆಯ ಗುರಿ ಇಟ್ಟುಕೊಂಡಿದೆ, ಮುಖ್ಯವಾಗಿ ಬುಡಕಟ್ಟು ಜನ ಇರುವ ಕಡೆ. ಅದು ತಂದೆತಾಯಿಯಿಂದ ಬರುವ ರೋಗ. ಒಬ್ಬ ಹುಡುಗಿಯ ಫಲಿತಾಂಶ ಹೊರಬಿದ್ದರೆ ಅವಳ ತಂಗಿಯ ಮದುವೆ ಮಾತುಕತೆಯ ಮೇಲೂ ಪರಿಣಾಮ ಆಗುತ್ತದೆ.

ಭಾಷೆಯ ವಿಷಯ ಒಂದಿದೆ, ಕೊಡಗಿನಲ್ಲಿ ಇದನ್ನು ಬಿಟ್ಟು ಮುಂದೆ ಹೋಗಲು ಆಗುವುದಿಲ್ಲ. ಒಪ್ಪಿಗೆ ಕೇಳುವ ಸೂಚನೆಯನ್ನು ಇಂಗ್ಲಿಷಿನಲ್ಲಿ ಅಥವಾ ಸಂವಿಧಾನದ ಎಂಟನೇ ಪರಿಚ್ಛೇದದ 22 ಭಾಷೆಗಳಲ್ಲಿ ಯಾವುದಾದರೂ ಒಂದರಲ್ಲಿ ಓದುವ ಆಯ್ಕೆ ಕೊಡಬೇಕು ಎನ್ನುತ್ತದೆ ಕಾಯ್ದೆ. ಕನ್ನಡ ಆ ಪಟ್ಟಿಯಲ್ಲಿದೆ. ಮಲಯಾಳಂ ಇದೆ. ತೋಟದ ಕೆಲಸಕ್ಕೆ ಬಂದಿರುವ ಅಸ್ಸಾಮಿನವರ ಅಸ್ಸಾಮಿ, ಬೋಡೋ, ಬಂಗಾಳಿಯೂ ಇವೆ. ಕೊಡವ ತಕ್ಕ್ ಇಲ್ಲ, ತುಳು ಇಲ್ಲ, ಅರೆಭಾಷೆ, ಯರವ, ಜೇನುಕುರುಬ ನುಡಿಗಳೂ ಇಲ್ಲ. ಕನ್ನಡ ಓದಲು ಬರುವವರಿಗೆ ತೊಂದರೆ ಇಲ್ಲ. ಆದರೆ ಯರವ ನುಡಿ ಮಾತ್ರ ಚೆನ್ನಾಗಿ ಗೊತ್ತಿರುವ, ಓದು ಬಾರದ ಅಜ್ಜಿಯ ಹೆಬ್ಬೆಟ್ಟು ಒತ್ತಿಸಿಕೊಂಡರೆ ಕಾಗದ ಪೂರ್ತಿ ಆಯಿತು, ಒಪ್ಪಿಗೆ ಆಗಲಿಲ್ಲ. ಅವರ ಭಾಷೆ ಬಲ್ಲ ಆಶಾ ಕಾರ್ಯಕರ್ತೆಯೋ ಹಾಡಿಯವರೇ ಯಾರೋ ಕೂತು ವಿವರಿಸಬೇಕು. ಇದನ್ನು ಯಾವ ಆ್ಯಪ್ ಕೂಡ ಮಾಡಿಕೊಡುವುದಿಲ್ಲ.

ಮೊಬೈಲನ್ನು ಕೇಳುವಾಗ

ಚಾಟ್‌ಜಿಪಿಟಿಯಂಥವು ಮುಂದಿನ ಪದ ಯಾವುದು ಬರಬಹುದು ಎಂದು ಅಂದಾಜಿಸುತ್ತಾ ವಾಕ್ಯ ಕಟ್ಟುತ್ತವೆ. ಹಾಗಾಗಿ ಗೊತ್ತಿಲ್ಲದ್ದನ್ನೂ ಗೊತ್ತಿರುವ ಹಾಗೆಯೇ ಹೇಳಬಲ್ಲವು. ಈ ಅಪಾಯದ ಬಗ್ಗೆ ವಿಶ್ವ ಆರೋಗ್ಯ ಸಂಸ್ಥೆ 2024ರ ಜನವರಿಯಲ್ಲಿ ಪ್ರತ್ಯೇಕ ಮಾರ್ಗಸೂಚಿಯನ್ನೇ ಹೊರಡಿಸಿತು. ಇಂಗ್ಲಿಷಿಗೆ ಹೋಲಿಸಿದರೆ ಕನ್ನಡದಲ್ಲಿ ಇವು ಓದಿ ಕಲಿತದ್ದು ಕಡಿಮೆ, ಕೊಡವ ತಕ್ಕ್‌ನಲ್ಲಂತೂ ಇನ್ನೂ ಕಡಿಮೆ.

ರಿಪೋರ್ಟಿನಲ್ಲಿರುವ ಕಷ್ಟದ ಪದದ ಅರ್ಥ ಕೇಳಿ, ವೈದ್ಯರನ್ನು ಏನೇನು ಕೇಳಬೇಕು ಎಂದು ಪಟ್ಟಿ ಮಾಡಿಸಿಕೊಳ್ಳಿ, ಪರವಾಗಿಲ್ಲ. ಆದರೆ ಮಾತ್ರೆಯ ಪ್ರಮಾಣ ಕೇಳಿ ನುಂಗಬೇಡಿ. ನಡೆಯುತ್ತಿರುವ ಮಾತ್ರೆಯನ್ನು ಅದರ ಮಾತು ಕೇಳಿ ನಿಲ್ಲಿಸಲೂ ಬೇಡಿ. ಟಿಬಿ ಮಾತ್ರೆ ನಡುವೆ ಬಿಟ್ಟರೆ ಔಷಧಕ್ಕೆ ಬಗ್ಗದ ಟಿಬಿ ಬರುವ ಅಪಾಯವಿದೆ. ಹಾವು ಕಚ್ಚಿದಾಗ, ಎದೆನೋವು ಬಂದಾಗ ಮೊಬೈಲ್‌ನಲ್ಲಿ 108ಕ್ಕೆ ಕರೆ ಮಾಡಿ, ಟೈಪ್ ಮಾಡುತ್ತಾ ಕೂರಬೇಡಿ. ರಿಪೋರ್ಟಿನ ಫೋಟೋ ಹಾಕುವುದಾದರೆ ಹೆಸರು, ಫೋನ್ ನಂಬರ್ ಇರುವ ಭಾಗ ಮುಚ್ಚಿ ಹಾಕಿ.

ಕೇಳಬೇಕಾದ್ದು, ದೂರು ಕೊಡಬೇಕಾದ ಜಾಗ

ಶಿಬಿರದಲ್ಲಾಗಲಿ, ಆಸ್ಪತ್ರೆಯಲ್ಲಾಗಲಿ ಮೊದಲು ಕೇಳಬೇಕಾದದ್ದು ಒಂದೇ: 'ಇದನ್ನು ಯಾವ ಡಾಕ್ಟರು ನೋಡಿದ್ದಾರೆ?' ಹೆಸರು ಮತ್ತು ನೋಂದಣಿ ಸಂಖ್ಯೆ ಸಿಕ್ಕರೆ ಹೊಣೆ ಹೊರುವವರು ಇದ್ದಾರೆ ಅಂತ ಆಯಿತು. ಇನ್ನೂ ನೋಡಿಲ್ಲ ಅಂದರೆ, ಯಾವಾಗ ನೋಡುತ್ತಾರೆ, ಅಲ್ಲಿಯವರೆಗೆ ಏನು ಮಾಡಬೇಕು ಎಂದು ಕೇಳಿ. ಚಿತ್ರ ಯಾರ ಹತ್ತಿರ ಉಳಿಯುತ್ತದೆ ಎಂದೂ ಕೇಳಬಹುದು.

ಖಾಸಗಿ ಆಸ್ಪತ್ರೆಯ ಮೇಲೆ ದೂರಿದ್ದರೆ, ಕರ್ನಾಟಕದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ಜಿಲ್ಲಾಧಿಕಾರಿಯವರ ಅಧ್ಯಕ್ಷತೆಯ ನೋಂದಣಿ ಮತ್ತು ಕುಂದುಕೊರತೆ ಪ್ರಾಧಿಕಾರ ಇದೆ. ವೈದ್ಯರ ನಡತೆಯ ಬಗ್ಗೆ ಕರ್ನಾಟಕ ವೈದ್ಯಕೀಯ ಪರಿಷತ್ತಿಗೆ ಬರೆಯಬಹುದು. ಹಣ ಕೊಟ್ಟು ಪಡೆದ ಸೇವೆಗೆ ಜಿಲ್ಲಾ ಗ್ರಾಹಕ ಆಯೋಗ. ಅಲ್ಲಿ ನೀವು ಕೊಟ್ಟ ಹಣ 5 ಲಕ್ಷ ರೂಪಾಯಿವರೆಗೆ ಇದ್ದರೆ ಅರ್ಜಿ ಶುಲ್ಕ ಇಲ್ಲ.

ಎಲ್ಲಿಗೆ ಹೋದರೂ ಕೈಯಲ್ಲಿ ಕಾಗದ ಇರಬೇಕು. ವೈದ್ಯಕೀಯ ದಾಖಲೆ ಕೇಳಿದರೆ 72 ಗಂಟೆಯೊಳಗೆ ಕೊಡಬೇಕು ಎಂದು 2002ರ ವೈದ್ಯ ವೃತ್ತಿ ನಿಯಮಗಳಲ್ಲೇ ಇದೆ. ಯಂತ್ರ ಕೊಟ್ಟ ಅಂಕ ನಿಮ್ಮ ಚಿಕಿತ್ಸೆಗೆ ಬಳಕೆಯಾಗಿದ್ದರೆ ಅದನ್ನೂ ಸೇರಿಸಿ ಕೇಳಿ. ಬಿಳಿ ಹಾಳೆಯಲ್ಲಿ ಕನ್ನಡದಲ್ಲೇ ಅರ್ಜಿ ಬರೆದು, ಇನ್ನೊಂದು ಪ್ರತಿಯ ಮೇಲೆ ಸ್ವೀಕರಿಸಿದ ದಿನಾಂಕ ಮತ್ತು ಸೀಲು ಹಾಕಿಸಿಕೊಂಡು ಬನ್ನಿ.